347 ಅಂಕಗಳ ಅಂತರ

ಚೆಸ್ ಟೂರ್ನಿಯ ಪೇರಿಂಗ್ ಪಟ್ಟಿ ಗೋಡೆಗೇರಿದ ಕೂಡಲೇ ಮಕ್ಕಳ ಕಣ್ಣು ಎದುರಾಳಿಯ ರೇಟಿಂಗ್ ಹುಡುಕುತ್ತದೆ. ಮುನ್ನೂರು ಅಂಕ ಮೇಲಿನವರು ಸಿಕ್ಕರೆ ಅರ್ಧ ಆಟ ಅಲ್ಲೇ ಕೈಬಿಟ್ಟಂತೆ. ಅಂಥ ಮಕ್ಕಳಿಗೆ ಒಂದು ಆಟ ತೋರಿಸಬೇಕು. 2004ರ ಮಾರ್ಚ್, ಐಸ್‌ಲ್ಯಾಂಡಿನ ರೇಕ್ಯಾವಿಕ್, ರ‍್ಯಾಪಿಡ್ ಟೂರ್ನಿ. ಬಿಳಿ ಕಾಯಿಗಳ ಹಿಂದೆ ನಾರ್ವೆಯ 13 ವರ್ಷದ ಮ್ಯಾಗ್ನಸ್ ಕಾರ್ಲ್‌ಸನ್, ರೇಟಿಂಗ್ 2484. ಎದುರಿಗೆ 2831ರ ಗ್ಯಾರಿ ಕ್ಯಾಸ್ಪರೋವ್, ಆಗ ಜಗತ್ತಿನ ಅಗ್ರ ಶ್ರೇಯಾಂಕದವರು. ಎಲೋ ಲೆಕ್ಕದಂತೆ ಇಂಥ ನೂರು ಆಟವಾಡಿದರೆ ಹುಡುಗನ ಪಾಲಿಗೆ ಸುಮಾರು 12 ಪಾಯಿಂಟ್.

ಆರನೇ ನಡೆಗೇ ಕ್ಯಾಸ್ಪರೋವ್ ರಾಣಿಯನ್ನು ಎ5ಕ್ಕೆ ತಂದರು. ಇದು ಕೇಂಬ್ರಿಜ್ ಸ್ಪ್ರಿಂಗ್ಸ್ ಡಿಫೆನ್ಸ್. ಪೆನ್ಸಿಲ್ವೇನಿಯಾದ ಆ ಊರಿನಲ್ಲಿ 1904ರಲ್ಲಿ ನಡೆದ ಟೂರ್ನಿಯಿಂದ ಬಂದ ಹೆಸರು. ರಾಣಿ ಸಿ3ರ ಕುದುರೆಯನ್ನು ಕಟ್ಟಿಹಾಕುತ್ತದೆ. ಡಿ5ರ ಪೇದೆ ಸಿ4ನ್ನು ಹೊಡೆದರೆ ಐದನೇ ಸಾಲು ತೆರೆದು ಜಿ5ರ ಒಂಟೆಯೂ ಅವಳ ಬಾಯಿಗೆ ಬೀಳುತ್ತದೆ. ಎಷ್ಟೋ ಜನ ಇಲ್ಲೇ ಕಾಯಿ ಕಳೆದುಕೊಂಡಿದ್ದಾರೆ. ಕಾರ್ಲ್‌ಸನ್ ಎಫ್3ರ ಕುದುರೆಯನ್ನು ಡಿ2ಕ್ಕೆ ಸರಿಸಿದ. ನೋಡಲು ಹಿಂಜರಿದ ನಡೆ. ಆದರೆ ಇ4, ಸಿ4 ಎರಡೂ ಮನೆ ಭದ್ರವಾದವು, 11ನೇ ನಡೆಗೆ ಅದೇ ಕುದುರೆ ಬಿ3ಕ್ಕೆ ಹಾರಿ ರಾಣಿಯನ್ನೇ ಅಟ್ಟಿತು. ಎಂಥ ಸೊಗಸು!

ಕಡಿಮೆ ರೇಟಿಂಗಿನವರು ಸಾಮಾನ್ಯವಾಗಿ ಸಿಕ್ಕ ಸಿಕ್ಕ ಕಾಯಿ ಹೊಡೆದಾಡಿಸಿ ಡ್ರಾ ಕಡೆಗೆ ಓಡುತ್ತಾರೆ. ನನ್ನ ಮಟ್ಟಿಗೆ ಅದು ಅತಿ ಅಪಾಯದ ದಾರಿ. ಕಾಯಿ ಕರಗಿದಷ್ಟೂ ಎಂಡ್‌ಗೇಮ್ ಬಲ್ಲವರ ಕೈ ಮೇಲಾಗುತ್ತದೆ. ಈ ಹುಡುಗ ಓಡಲಿಲ್ಲ; ಬಿಗಿ ಉಳಿಸಿಕೊಂಡು, ಆನೆಯನ್ನು ಇ1ಕ್ಕೆ ತಂದು ಕಾದ. ಆಟದ ನಡುವೆ ಎದ್ದು ಹೋಗಿ ಪಕ್ಕದ ಬೋರ್ಡುಗಳನ್ನು ನೋಡಿ ಬಂದದ್ದು ವಿಡಿಯೊದಲ್ಲಿದೆ. ಅದೇ ವಿಡಿಯೊದಲ್ಲಿ ಕ್ಯಾಸ್ಪರೋವ್ ಮುಖದ ಚಡಪಡಿಕೆಯನ್ನೂ ನೋಡಬಹುದು.

ಮುಂದೆ ಹುಡುಗನೇ ಮೇಲುಗೈ ಸಾಧಿಸಿದ. ಕಷ್ಟ ಶುರುವಾದದ್ದು ಆಗ. ಸೋಲುವ ಸ್ಥಿತಿಯಲ್ಲಿ ಎಲ್ಲರೂ ಹೋರಾಡುತ್ತಾರೆ. ದೈತ್ಯ ಕೈಗೆ ಸಿಕ್ಕಾಗ ಗೆಲುವಿನ ನಡೆ ಹುಡುಕುವ ನೆಮ್ಮದಿ ಬೇಕಲ್ಲ, ಅದು ಬಹಳ ಅಪರೂಪ. ಕ್ಯಾಸ್ಪರೋವ್ ಹಿಡಿತ ಬಿಡಿಸಿಕೊಂಡರು, 52ನೇ ನಡೆಗೆ ಡ್ರಾ.

ಅದೇ ನಾಕೌಟ್ ಪಂದ್ಯದ ಎರಡನೇ ಆಟವನ್ನು ಕ್ಯಾಸ್ಪರೋವ್ ಗೆದ್ದರು, ಕಾರ್ಲ್‌ಸನ್ ಟೂರ್ನಿಯಿಂದ ಹೊರಬಿದ್ದ. ತಾನು ಚಿಕ್ಕ ಮಗುವಿನಂತೆ ಆಡಿದೆ ಎಂದು ಆತ ಬೇಸರಪಟ್ಟುಕೊಂಡ. ಮೊದಲ ಡ್ರಾ ಅವನಿಗೆ ಸಾಕಾಗಿರಲಿಲ್ಲ. ಮಕ್ಕಳಿಗೆ ತೋರಿಸುವವರು ದಯವಿಟ್ಟು ಎರಡೂ ಆಟಗಳನ್ನು ಬೋರ್ಡಿನ ಮೇಲೆ ಆಡಿಸಿ ತೋರಿಸಿ.