ಮೇಲಿನ ಪೈಪೋ, ಕೆಳಗಿನ ಪೈಪೋ

ರೇಡಿಯೇಟರ್ ಮುಚ್ಚಳದ ಬಗ್ಗೆ ಬರೆದಾಯಿತು. ಈ ವಾರ, ಎಂಜಿನ್ನಿನ ನೀರು ಬಿಸಿಯಾದಾಗ ರೇಡಿಯೇಟರಿನ ದಾರಿ ತೆರೆಯುವ ಥರ್ಮೋಸ್ಟಾಟಿನ ಸರದಿ. ಬಾನೆಟ್ ಎತ್ತಿದ ಕೂಡಲೇ ಅದು ಕಾಣಿಸುವುದಿಲ್ಲ. ಕಾಣುವುದು ಅದರ ಗೂಡು ಮಾತ್ರ. ರೇಡಿಯೇಟರಿನ ಮೇಲ್ತುದಿಯಿಂದ ಹೊರಟ ದಪ್ಪ ರಬ್ಬರ್ ಪೈಪಿನ ಜಾಡು ಹಿಡಿದು ಎಂಜಿನ್ನಿನವರೆಗೆ ಹೋಗಿ. ಅದು ಸೇರುವ ಕಡೆ ಎರಡೋ ಮೂರೋ ಬೋಲ್ಟು ಬಿಗಿದ ಬಾಗಿದ ಲೋಹದ ಮುಚ್ಚಳವಿದ್ದರೆ, ಹಳೆಯ ಗಾಡಿಗಳಲ್ಲಿ ಬಹುಪಾಲು ಅದರಡಿಯಲ್ಲೇ ಥರ್ಮೋಸ್ಟಾಟ್ ಇರುತ್ತದೆ. ಅಂಬಾಸಿಡರ್‌ನ 1489 ಸಿಸಿ ಬಿಎಂಸಿ ಎಂಜಿನ್ನಿನಲ್ಲಿ ಅದು ಸಿಲಿಂಡರ್ ಹೆಡ್ಡಿನ ಮುಂತುದಿಯಲ್ಲಿ, ಮೂರು ನಟ್ಟುಗಳ ಕೆಳಗೆ. ಅಷ್ಟು ಸಲೀಸಾದ ಜಾಗ ಇಂದಿನ ಕಾರುಗಳಲ್ಲಿ ಸಿಕ್ಕರೆ ಪುಣ್ಯ.

ಅಲ್ಲಿ ಸಿಗದಿದ್ದರೆ ಕೆಳಗಿನ ಪೈಪು ಹಿಡಿಯಿರಿ. ಫೋಕ್ಸ್‌ವ್ಯಾಗನ್ ಗಾಲ್ಫಿನ ಕೆಲವು ಹಳೆಯ ಎಂಜಿನ್‌ಗಳಲ್ಲಿ ಅದು ವಾಟರ್ ಪಂಪಿನ ಗೂಡಿನ ತಳದಲ್ಲಿದೆ. 1990ರ ದಶಕದ ಹೋಂಡಾ ಸಿವಿಕ್‌ನಲ್ಲೂ ಕೆಳಗಿನ ಪೈಪೇ ದಾರಿ ತೋರಿಸುತ್ತದೆ. ಇದು ಜಾಗ ಉಳಿಸಲು ಮಾಡಿದ ಉಪಾಯವಲ್ಲ. ಮೇಲೆ ಕುಳಿತದ್ದು ಎಂಜಿನ್ ಬಿಟ್ಟು ಹೊರಡುವ ನೀರಿನ ಬಿಸಿಯನ್ನು ಅಳೆಯುತ್ತದೆ. ಅದು ಬಾಯಿ ತೆರೆದಾಗ ರೇಡಿಯೇಟರಿನ ತಣ್ಣೀರು ಒಮ್ಮೆಲೇ ಒಳನುಗ್ಗಿ ಬಿಸಿ ಏರಿಳಿಯುತ್ತದೆ. ಕೆಳಗಿನದು ಒಳಬರುವ ತಣ್ಣೀರನ್ನೂ ರೇಡಿಯೇಟರನ್ನು ಮುಟ್ಟದೆ ಬೈಪಾಸಿನಲ್ಲಿ ಸುತ್ತಿಬರುವ ಬಿಸಿನೀರನ್ನೂ ಬೆರೆಸಿ ಅಳೆಯುತ್ತದೆ, ಹಾಗಾಗಿ ಬಿಸಿ ಹದವಾಗಿ ನಿಲ್ಲುತ್ತದೆ. ಬಿಚ್ಚಲು ಕಷ್ಟವಾದರೂ ನನ್ನ ಮತ ಕೆಳಗಿನದಕ್ಕೇ.

ತಣ್ಣಗಿರುವ ಎಂಜಿನ್ ಚಾಲೂ ಮಾಡಿ ಪೈಪು ಮುಟ್ಟಿ ನೋಡಿದರೂ ಸುಳಿವು ಸಿಗುತ್ತದೆ. ಮೇಲಿನ ಪೈಪು ಕೆಲವು ನಿಮಿಷ ತಣ್ಣಗಿದ್ದು ಆಮೇಲೆ ಥಟ್ಟನೆ ಬಿಸಿಯಾದರೆ ಥರ್ಮೋಸ್ಟಾಟ್ ಆ ಕಡೆಗಿದೆ, ಕೆಲಸವನ್ನೂ ಮಾಡುತ್ತಿದೆ. ಮೇಲಿನದು ಬೇಗನೆ ಬೆಚ್ಚಗಾಗಿ ಕೆಳಗಿನದು ತಣ್ಣಗೇ ಉಳಿದಿದ್ದರೆ ಕೆಳಗೆ ಹುಡುಕಿ. ಕೈ ಮಾತ್ರ ಫ್ಯಾನಿನಿಂದ ದೂರವಿರಲಿ; ಎಲೆಕ್ಟ್ರಿಕ್ ಫ್ಯಾನು ಹೇಳದೆ ಕೇಳದೆ ತಿರುಗತೊಡಗುತ್ತದೆ.

ಇಷ್ಟು ಹುಡುಕುವುದು ಕಿತ್ತು ಬಿಸಾಡುವುದಕ್ಕಾದರೆ ಮಾತ್ರ ನನ್ನ ತಕರಾರಿದೆ. ‘ನಮ್ಮದು ಸೆಕೆಯ ದೇಶ, ಥರ್ಮೋಸ್ಟಾಟ್ ಚಳಿ ದೇಶದವರಿಗೆ’ ಎನ್ನುವ ಗ್ಯಾರೇಜ್ ಪಂಥ ಇನ್ನೂ ಗಟ್ಟಿಯಾಗಿದೆ. ಹೊರಗೆ 38 ಡಿಗ್ರಿ ಇದ್ದರೇನು, ಎಂಜಿನ್ನಿಗೆ ಬೇಕಾದ್ದು 90ರ ಆಸುಪಾಸು. ಥರ್ಮೋಸ್ಟಾಟ್ ಇಲ್ಲದ ಗಾಡಿ ಹೆದ್ದಾರಿಯಲ್ಲಿ ಆ ಬಿಸಿ ಮುಟ್ಟುವುದೇ ಕಷ್ಟ. ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಇನ್ನಷ್ಟು ತಣ್ಣಗಾಗುತ್ತದೆ. ಬಿಸಿಯಾಗದ ಆಯಿಲ್‌ನಲ್ಲಿ ನೀರಿನಂಶ, ಪೆಟ್ರೋಲಿನಂಶ ಆವಿಯಾಗದೆ ಉಳಿದು ಗಸಿ ಕಟ್ಟುತ್ತದೆ. ಇಂಜೆಕ್ಷನ್ ಗಾಡಿಯ ಕಂಪ್ಯೂಟರು ಎಂಜಿನ್ ಇನ್ನೂ ಕಾದಿಲ್ಲವೆಂದು ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಇಳಿಯುತ್ತದೆ.

ಆ ಪಂಥದವರು ಗಮನಿಸದ ಇನ್ನೊಂದು ಸಂಗತಿ ಇದೆ. ಹಲವು ಥರ್ಮೋಸ್ಟಾಟುಗಳ ತುದಿಯಲ್ಲಿ ಇನ್ನೊಂದು ಬಿಲ್ಲೆ ಇರುತ್ತದೆ. ರೇಡಿಯೇಟರಿನ ದಾರಿ ತೆರೆಯುತ್ತಿದ್ದಂತೆ ಅದು ಬೈಪಾಸನ್ನು ಮುಚ್ಚುತ್ತದೆ. ಥರ್ಮೋಸ್ಟಾಟನ್ನೇ ಕಿತ್ತರೆ ಬೈಪಾಸ್ ಸದಾ ತೆರೆದೇ ಇದ್ದು, ಬಿಸಿನೀರಿನ ಒಂದು ಪಾಲು ರೇಡಿಯೇಟರನ್ನು ಮುಟ್ಟದೆ ಎಂಜಿನ್ನಿನೊಳಗೇ ಸುತ್ತುತ್ತದೆ. ಹೀಟ್ ಆಗಬಾರದೆಂದು ಕಿತ್ತವರ ಗಾಡಿ ಘಾಟಿ ಹತ್ತುವಾಗ ಹೀಟ್ ಆಗುವುದು ಹೀಗೆ.

ಥರ್ಮೋಸ್ಟಾಟ್ ಕೆಟ್ಟಿದೆಯೆಂಬ ಅನುಮಾನವಿದ್ದರೆ ಎಂಜಿನ್ ಪೂರ್ತಿ ಆರಿದ ಮೇಲೆ ಬಿಚ್ಚಿ, ಪಾತ್ರೆಯ ನೀರಿನಲ್ಲಿ ತಳ ತಾಗದಂತೆ ದಾರದಲ್ಲಿ ಇಳಿಬಿಟ್ಟು ಕಾಯಿಸಿ. ಒಳಗಿನ ಮೇಣ ಕರಗಿ ಹಿಗ್ಗಿ, ಸ್ಪ್ರಿಂಗನ್ನು ಒತ್ತಿ ಬಾಯಿ ತೆರೆಸುತ್ತದೆ. ಬೆಂಗಳೂರಿನ ಎತ್ತರದಲ್ಲಿ ನೀರು ಕುದಿಯುವುದು 97 ಡಿಗ್ರಿಯ ಹತ್ತಿರ. 82 ಅಥವಾ 88 ಎಂದು ಅಚ್ಚಾದದ್ದನ್ನು ಪರೀಕ್ಷಿಸಲು ಅಷ್ಟು ಧಾರಾಳ ಸಾಕು. ಕುದಿಯುವ ನೀರಿನಲ್ಲೂ ತೆರೆಯದಿದ್ದರೆ, ಆರಿದ ಮೇಲೂ ಮುಚ್ಚದಿದ್ದರೆ ಹೊಸದು ಹಾಕಿಸಿ, ಜೊತೆಗೆ ಹೊಸ ಗ್ಯಾಸ್ಕೆಟ್. ಮೇಣದ ಡಬ್ಬಿ ಎಂಜಿನ್ನಿನ ಕಡೆಗಿರಲಿ, ಗಾಳಿ ಬಿಡುವ ಪುಟ್ಟ ಪಿನ್ನು ಇದ್ದರೆ ಅದು ಮೇಲ್ಭಾಗಕ್ಕೆ ಬರಲಿ.