ಎರಡು ಮೊಳ ನೀರಿನ ಬೆಳೆ

ಪಪೈರಸ್ ಬಗ್ಗೆ ಬರೆದವರೆಲ್ಲ ರೋಮನ್ ಲೇಖಕ ಹಿರಿಯ ಪ್ಲಿನಿಗೆ ಕೈಮುಗಿದೇ ಮುಂದೆ ಹೋಗುತ್ತಾರೆ. ಕ್ರಿ.ಶ. 77ರ ಸುಮಾರಿಗೆ ಅವನು ಮುಗಿಸಿದ ‘ನ್ಯಾಚುರಲ್ ಹಿಸ್ಟರಿ’ಯ 13ನೆಯ ಭಾಗದಲ್ಲಿ ಈ ಜೌಗುಗಿಡಕ್ಕೂ ಅದರಿಂದಾಗುವ ಹಾಳೆಗೂ ಮೀಸಲಾದ ಕೆಲವು ಪುಟಗಳಿವೆ. ಹಾಳೆ ಮಾಡುವ ಕ್ರಮವನ್ನು ಹಂತಹಂತವಾಗಿ ವಿವರಿಸುವ ಪ್ರಾಚೀನ ಬರಹವೆಂದು ನಮಗೆ ಉಳಿದಿರುವುದು ಅದೊಂದೇ. ಒಂದೇ ಆದ್ದರಿಂದ ಅದು ಪ್ರಮಾಣವಾಯಿತು. ಪ್ರಮಾಣವಾದ ಮೇಲೆ ಅದು ಒಳ್ಳೆಯ ಬರಹವೂ ಆಗಿರಲೇಬೇಕೆಂಬ ನಂಬಿಕೆ ಬೇರೂರಿತು. ಈ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಹಾಳೆಯ ವಿಷಯದಲ್ಲಿ ಪ್ಲಿನಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಗಿಡದ ವಿಷಯದಲ್ಲಿ ಅವನು ನಂಬತಕ್ಕ ಲೇಖಕನಲ್ಲ. ಅವನಿಗಿಂತ ಮೂರೂವರೆ ಶತಮಾನಕ್ಕೂ ಹಿಂದೆ ಗ್ರೀಕ್ ಪಂಡಿತ ಥಿಯೋಫ್ರಾಸ್ಟಸ್ ತನ್ನ ಸಸ್ಯಗ್ರಂಥದ 4ನೆಯ ಭಾಗದಲ್ಲಿ ಬರೆದ ಪುಟ್ಟ ಟಿಪ್ಪಣಿ, ಪಪೈರಸ್ ಹೇಗೆ ಬೆಳೆಯುತ್ತದೆ ಎಂಬುದನ್ನು ಎಷ್ಟೋ ಪಾಲು ಚೆನ್ನಾಗಿ ಹೇಳುತ್ತದೆ. ಪ್ಲಿನಿಯ ಮಾತುಗಳಲ್ಲಿ ಆ ಟಿಪ್ಪಣಿಯ ಜಾಡು ಸ್ಪಷ್ಟವಾಗಿದೆ. ಅದನ್ನು ಎತ್ತಿಕೊಳ್ಳುವಾಗ ಅವನು ಮುಖ್ಯವಾದದ್ದನ್ನೇ ಕೈಬಿಟ್ಟ. ಕೈಬಿಟ್ಟದ್ದು ಏನೆಂದು ಹುಡುಕುವ ಕಷ್ಟವನ್ನು ನಾವು ತೆಗೆದುಕೊಳ್ಳಲಿಲ್ಲ.

ಕನ್ನಡದಲ್ಲಂತೂ ಪಪೈರಸ್ ಬೇರೆಯದೇ ಕಾರಣಕ್ಕೆ ಹೆಸರಾಯಿತು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನವನ್ನು ಗ್ರೆನ್‌ಫೆಲ್ ಮತ್ತು ಹಂಟ್ 1903ರಲ್ಲಿ ಪ್ರಕಟಿಸಿದರು. ಮರುವರ್ಷವೇ ಹುಲ್ಟ್ಶ್ ಅದರೊಳಗಿನ ಪರದೇಶಿ ಮಾತುಗಳು ಕನ್ನಡ ಎಂದರು. ಶಾಮಶಾಸ್ತ್ರಿಗಳಿಂದ ಗೋವಿಂದ ಪೈಗಳವರೆಗೆ ನಮ್ಮ ದೊಡ್ಡ ವಿದ್ವಾಂಸರು ಆ ಚರ್ಚೆಯಲ್ಲಿ ಪಾಲ್ಗೊಂಡರು. ಅದು ಅಗತ್ಯವಾದ ಚರ್ಚೆಯೇ. ಆದರೆ ಅದರಿಂದಾಗಿ ಪಪೈರಸ್ ಎಂದರೆ ನಮ್ಮ ಭಾಷೆಯ ವಯಸ್ಸಿಗೆ ಸಾಕ್ಷಿ ಹೇಳುವ ಒಂದು ಹಾಳೆ ಎಂಬಷ್ಟಕ್ಕೆ ನಮ್ಮ ಕುತೂಹಲ ನಿಂತುಬಿಟ್ಟಿತು. ಆ ಹಾಳೆ ಯಾವುದೋ ಜೌಗಿನಲ್ಲಿ, ಯಾರದೋ ಆರೈಕೆಯಲ್ಲಿ ಬೆಳೆದ ಗಿಡವಾಗಿತ್ತು. ನಮ್ಮ ಹೊಲಗದ್ದೆಗಳಲ್ಲಿ ರೈತರಿಗೆ ಕಾಟ ಕೊಡುವ ಕೊನ್ನಾರಿಯ ಕುಲಕ್ಕೇ ಅದೂ ಸೇರಿದ್ದು. ಇಬ್ಬರು ಪ್ರಾಚೀನರಲ್ಲಿ ಈ ಗಿಡವನ್ನು ಅರಿತವರು ಯಾರು ಎಂಬುದು ನನ್ನ ಪ್ರಶ್ನೆ.

ಸುರುಳಿಗಳ ಚರಿತ್ರೆ, ಅಲೆಕ್ಸಾಂಡ್ರಿಯದ ಗ್ರಂಥಾಲಯ, ಚರ್ಮದ ಹಾಳೆಯೊಂದಿಗಿನ ಪೈಪೋಟಿ ಎಲ್ಲರಿಗೂ ತಿಳಿದದ್ದೇ. ನೇರವಾಗಿ ಪ್ಲಿನಿಯ ಮಾತಿಗೆ ಬರೋಣ. ಗಿಡದ ವರ್ಣನೆಗೆ ಅವನು ಕೊಟ್ಟಿರುವುದು ಒಂದು ಉದ್ದನೆಯ ವಾಕ್ಯ. ಅದರ ಸಾರ ಹೀಗಿದೆ: ಪಪೈರಸ್ ಈಜಿಪ್ಟಿನ ಜೌಗುಗಳಲ್ಲೋ, ನೈಲ್ ಉಕ್ಕಿ ಹರಿದು ನಿಂತ ಮಡುಗಳಲ್ಲೋ ಬೆಳೆಯುತ್ತದೆ, ನೀರಿನ ಆಳ ಎರಡು ಮೊಳ ಮೀರುವುದಿಲ್ಲ, ಅಡ್ಡಬೇರು ತೋಳಿನಷ್ಟು ದಪ್ಪ, ದಂಟಿಗೆ ಮೂರು ಮುಖ, ಎತ್ತರ ಹತ್ತು ಮೊಳಕ್ಕಿಂತ ಹೆಚ್ಚಿಲ್ಲ, ತುದಿಯಲ್ಲಿ ಕುಚ್ಚು, ಬೀಜವಿಲ್ಲ, ಹೂವು ದೇವರ ಮೂರ್ತಿಗಳಿಗೆ ಮಾಲೆಯಾಗುವುದಕ್ಕಷ್ಟೇ ಉಪಯೋಗ. ಓದಲು ಅಚ್ಚುಕಟ್ಟಾಗಿದೆ. ಪಠ್ಯಪುಸ್ತಕಗಳು ಇದನ್ನೇ ಹಿಂದುಮುಂದು ಮಾಡಿ ಬರೆದುಕೊಂಡಿವೆ.

ಈಗ ಥಿಯೋಫ್ರಾಸ್ಟಸ್‌ನನ್ನು ಪಕ್ಕದಲ್ಲಿಟ್ಟು ನೋಡಬೇಕು. ಗಿಡ ಆಳದ ನೀರಿನಲ್ಲಿ ಬೆಳೆಯುವುದಿಲ್ಲ, ಸುಮಾರು ಎರಡು ಮೊಳದಲ್ಲಿ ಬೆಳೆಯುತ್ತದೆ, ಕೆಲವೆಡೆ ಇನ್ನೂ ಕಡಿಮೆ ನೀರಿನಲ್ಲೂ ಬೆಳೆಯುತ್ತದೆ ಎನ್ನುತ್ತಾನೆ ಅವನು. ಬೇರು ಗಟ್ಟಿಮುಟ್ಟಾದ ಗಂಡಸಿನ ಮಣಿಕಟ್ಟಿನಷ್ಟು ದಪ್ಪ. ಅದು ನೆಲದ ಮೇಲೇ ಬೆಳೆಯುತ್ತ, ಕೆಸರಿನೊಳಕ್ಕೆ ತೆಳುವಾದ ಒತ್ತೊತ್ತಾದ ಬೇರುಗಳನ್ನು ಇಳಿಬಿಡುತ್ತದೆ. ಮೇಲಕ್ಕೆ ಮೂರು ಮುಖದ ದಂಟುಗಳನ್ನು ಹಲವು ಕಡೆಗಳಿಂದ ಕಳಿಸುತ್ತದೆ.

ಎರಡೂ ಮಾತು ಒಂದೇ ಎಂದು ಅನ್ನಿಸಬಹುದು. ಒಂದಲ್ಲ. ಮೊದಲು ಆಳದ ಸಂಗತಿ. ಥಿಯೋಫ್ರಾಸ್ಟಸ್ ಹೇಳುವುದು ಒಂದು ವಾಡಿಕೆಯ ಆಳ: ಸುಮಾರು ಎರಡು ಮೊಳ, ಕೆಲವೆಡೆ ಕಡಿಮೆ. ಪ್ಲಿನಿ ಅದನ್ನು ಪ್ರಕೃತಿ ಹಾಕಿದ ಗಡಿಯನ್ನಾಗಿ ಮಾಡಿದ. ಆದರೆ ಪ್ರಕೃತಿ ಅಂಥ ಗಡಿಯನ್ನೇನೂ ಹಾಕಿಲ್ಲ. ವಿಕ್ಟೋರಿಯ ಸರೋವರದ ಅಂಚಿನಲ್ಲಿ, ಸೂಡಾನಿನ ಸುದ್ದ್ ಜೌಗಿನಲ್ಲಿ ಪಪೈರಸ್ ತನ್ನ ಬೇರುಕಾಂಡಗಳನ್ನೇ ಹೆಣೆದುಕೊಂಡು ಚಾಪೆಯಾಗಿ ತೇಲುತ್ತದೆ. ಕೆಳಗೆ ಎಷ್ಟು ಆಳವಿದ್ದರೂ ಅದಕ್ಕೆ ಅಡ್ಡಿಯಿಲ್ಲ. ಹಾಗಾದರೆ ಎರಡು ಮೊಳ, ಅಂದರೆ ಹೆಚ್ಚುಕಡಿಮೆ 90 ಸೆಂಟಿಮೀಟರ್, ಎಲ್ಲಿಂದ ಬಂತು? ನನ್ನ ಊಹೆ ಇದು: ಅದು ಮನುಷ್ಯ ಇಳಿದು ಕೆಲಸ ಮಾಡಬಲ್ಲ ಆಳ. ತೊಡೆಮಟ್ಟದ ನೀರಿನಲ್ಲಿ ನಿಂತು ದಂಟು ಕೀಳಬಹುದು, ಹೊರೆ ಕಟ್ಟಬಹುದು, ಒಣಗಿದ್ದನ್ನು ಬಿಡಿಸಬಹುದು. ಥೀಬ್ಸ್‌ನ ಪುಯೆಮ್ರೆಯ ಸಮಾಧಿಯ ಚಿತ್ರದಲ್ಲಿ ಈ ಕೆಲಸವೇ ಇದೆ: ದಂಟು ಕೀಳುವವರು, ಹೊರೆ ಹೊರುವವನು, ಕುಳಿತು ಸಿಪ್ಪೆ ಸುಲಿಯುವವನು. ಕೆಲಸಗಾರರಿಂದ ಕೇಳಿ ಬಂದ ಅಳತೆ ಥಿಯೋಫ್ರಾಸ್ಟಸ್‌ನ ಮಾತಿನಲ್ಲಿ ಇನ್ನೂ ಉಳಿದಿದೆ. ಪ್ಲಿನಿಯಲ್ಲಿ ಕೆಲಸಗಾರ ಮಾಯವಾಗಿ ಅಳತೆ ಮಾತ್ರ ಉಳಿಯಿತು.

ಎರಡನೆಯದು ಬೇರಿನ ಸಂಗತಿ. ಇಡೀ ಬೇಸಾಯ ನಿಂತಿರುವುದು ಇದರ ಮೇಲೆ. ನಾವು ಬೇರು ಎಂದುಕೊಳ್ಳುವುದು ನಿಜಕ್ಕೂ ಅಡ್ಡಲಾಗಿ ಹರಿಯುವ ಕಾಂಡ. ಅದು ಕೆಸರಿನ ಮೇಲ್ಪದರದಲ್ಲೇ ಹಬ್ಬುತ್ತದೆ, ಕೆಳಗೆ ಬೇರು ಬಿಡುತ್ತದೆ, ಮೇಲೆ ಸಾಲಾಗಿ ದಂಟುಗಳನ್ನು ಎಬ್ಬಿಸುತ್ತದೆ. ಥಿಯೋಫ್ರಾಸ್ಟಸ್ ಈ ಮೂರನ್ನೂ ಹೇಳಿದ. ಪ್ಲಿನಿಯ ವಾಕ್ಯದಲ್ಲಿ ಉಳಿದದ್ದು ‘ಅಡ್ಡಬೇರು, ತೋಳಿನ ದಪ್ಪ’ ಎಂಬುದಷ್ಟೇ. ಹಲವು ಕಡೆಗಳಿಂದ ದಂಟೇಳುತ್ತದೆ ಎಂಬ ಮಾತನ್ನು ಬಿಟ್ಟ ಕೂಡಲೇ ಗಿಡ ಒಂಟಿಕಂಬವಾಗಿಬಿಡುತ್ತದೆ. ಅದನ್ನು ಕಿತ್ತರೆ ಮುಗಿಯಿತು ಎಂಬ ಚಿತ್ರ ಮೂಡುತ್ತದೆ. ವಾಸ್ತವದಲ್ಲಿ ಪಪೈರಸ್ ಕಬ್ಬಿನ ಕೂಳೆಯಂತೆ: ಕೊಯ್ದಷ್ಟೂ ಬುಡದಿಂದ ಮತ್ತೆ ಏಳುತ್ತದೆ, ಬುಡವನ್ನು ಕಾಪಾಡಿದರೆ ಮಾತ್ರ. ದಂಟಿಗೆ ಹೇಳಿಕೊಳ್ಳುವಂಥ ಎಲೆಗಳಿಲ್ಲ. ಹಸಿರು ದಂಟು ಮತ್ತು ಕುಚ್ಚುಗಳೇ ಅಡುಗೆ ಮಾಡಿ ಬೇರುಕಾಂಡಕ್ಕೆ ಉಣಿಸಬೇಕು. ಎಳೆಯದು ಬಲಿತದ್ದು ಎನ್ನದೆ ಎಲ್ಲವನ್ನೂ ಬಳಿದುಕೊಂಡು ಹೋದರೆ, ಚೇತರಿಸಿಕೊಳ್ಳುವ ಮೊದಲೇ ಮತ್ತೆ ಕೊಯ್ದರೆ, ಕೆಳಗಿನ ದಾಸ್ತಾನು ಬರಿದಾಗಿ ಮುಂದಿನ ದಂಟುಗಳು ಸಣ್ಣವಾಗುತ್ತವೆ, ವಿರಳವಾಗುತ್ತವೆ. ಬಲಿತದ್ದನ್ನು ಆರಿಸಿ ತೆಗೆದು ಎಳೆಯದನ್ನು ಬಿಡುವುದು ಈ ಬೆಳೆಯ ಮೊದಲ ಶಿಸ್ತು. ಆ ಶಿಸ್ತಿನ ಕಾರಣ ಥಿಯೋಫ್ರಾಸ್ಟಸ್‌ನ ಒಂದು ಉಪವಾಕ್ಯದಲ್ಲಿದೆ. ಪ್ಲಿನಿಯ ಬರಹದಲ್ಲಿ ಎಲ್ಲೂ ಇಲ್ಲ.

ಮೂರನೆಯದು ಬೀಜ. ಇಲ್ಲಿ ಇಬ್ಬರೂ ತಪ್ಪಿದ್ದಾರೆ. ಗಿಡಕ್ಕೆ ಫಲವೇ ಇಲ್ಲ ಎಂದು ಮೊದಲು ಬರೆದವನು ಥಿಯೋಫ್ರಾಸ್ಟಸ್. ಪಪೈರಸ್‌ನ ಕುಚ್ಚಿನಲ್ಲಿ ಸಣ್ಣ ಬೀಜಗಳು ಕಟ್ಟುತ್ತವೆ. ಕೀನ್ಯಾದ ನೈವಾಶಾ ಸರೋವರದಲ್ಲಿ ಅಧ್ಯಯನ ಮಾಡಿದ ಜಾನ್ ಗಾಡೆ ಅವರಂಥ ಪರಿಸರ ವಿಜ್ಞಾನಿಗಳು ತೋರಿಸಿದಂತೆ, ನೀರು ಇಳಿದು ಬಯಲಾದ ಹಸಿ ಕೆಸರಿನ ಮೇಲೆ, ಬೆಳಕಿನಲ್ಲಿ ಅವು ಮೊಳೆಯುತ್ತವೆ. ನಿಂತ ನೀರಿನಡಿ ಅವಕ್ಕೆ ಬಾಳಿಲ್ಲ. ಆದರೂ ಈ ತಪ್ಪು ಎಲ್ಲಿಂದ ಹುಟ್ಟಿತು ಎಂದು ಊಹಿಸಬಹುದು. ಬೆಳೆಗಾರ ಬೀಜವನ್ನು ನೆಚ್ಚುವುದಿಲ್ಲ. ಕಣ್ಣಿರುವ ಬೇರುಕಾಂಡದ ತುಂಡನ್ನು ಕೆಸರಿನಲ್ಲಿ ಊರುವುದೇ ಅವನಿಗೆ ಸುಲಭ. ಇವತ್ತಿಗೂ ಕೊಳದ ಗಿಡವಾಗಿ ಇದನ್ನು ಬೆಳೆಸುವವರು ಮಾಡುವುದು ಅದನ್ನೇ: ಬುಡವನ್ನು ಭಾಗ ಮಾಡಿ ನೆಡುವುದು, ಪೂರಾ ಬಿಸಿಲು ಕೊಡುವುದು, ಬುಡ ಎಂದೂ ಒಣಗದಂತೆ ನೋಡಿಕೊಳ್ಳುವುದು, ಕಂದಿದ ದಂಟುಗಳನ್ನು ತೆಗೆಯುವುದು. ಕುಚ್ಚನ್ನು ಕತ್ತರಿಸಿ ತಲೆಕೆಳಗಾಗಿ ನೀರಿನಲ್ಲಿಟ್ಟರೆ ಸಾಕು, ಸಸಿ ಬರುತ್ತದೆ ಎಂದು ಬರೆಯುವವರಿದ್ದಾರೆ. ಅದು ನರ್ಸರಿಗಳಲ್ಲಿ ಅಂಬ್ರೆಲಾ ಪಾಮ್ ಎಂದು ಮಾರುವ ಸೋದರಗಿಡಕ್ಕೆ ಚೆನ್ನಾಗಿ ಒಪ್ಪುವ ಉಪಾಯ. ಪಪೈರಸ್‌ಗೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಗಿಡವನ್ನು ನೋಡದೆ ಹಿಂದಿನವರ ಮಾತನ್ನು ಎತ್ತಿ ಬರೆಯುವ ಚಾಳಿ ಪ್ಲಿನಿಯೊಂದಿಗೆ ಮುಗಿದಿಲ್ಲ.

ಪ್ಲಿನಿಯ ಕೀರ್ತಿಗೆ ಮುಖ್ಯ ಆಧಾರ ಹಾಳೆಯ ಭಾಗ ಎಂದು ಅವನ ಪಕ್ಷದವರು ಹೇಳಬಹುದು. ಅಲ್ಲೂ ನೀರು ಬಂದ ಕಡೆ ಅವನು ಎಡವುತ್ತಾನೆ. ನೈಲ್ ನೀರಿನಿಂದ ಒದ್ದೆಯಾದ ಹಲಗೆಯ ಮೇಲೆ ಪಟ್ಟಿಗಳನ್ನು ಜೋಡಿಸುತ್ತಾರೆ, ಆ ಕದಡಿದ ನೀರೇ ಅಂಟಾಗುತ್ತದೆ ಎನ್ನುತ್ತಾನೆ. ಸಿಸಿಲಿಯ ಸಿರಾಕ್ಯೂಸ್‌ನಲ್ಲಿ 18ನೆಯ ಶತಮಾನದಲ್ಲಿ ಲಾಂಡೊಲಿನಾ ಎಂಬಾತ ಚಾನೆ ನದಿಯ ದಂಡೆಯ ಗಿಡಗಳಿಂದ ಹಾಳೆ ಮಾಡಿದಾಗ ಅಲ್ಲಿ ನೈಲ್‌ನ ಹನಿಯೂ ಇರಲಿಲ್ಲ. ಹಸಿ ತಿರುಳಿನ ಪಟ್ಟಿಗಳನ್ನು ಅಡ್ಡಉದ್ದ ಇಟ್ಟು ಒತ್ತಿ ಒಣಗಿಸಿದರೆ ಅವು ತಾವಾಗಿಯೇ ಹಿಡಿದುಕೊಳ್ಳುತ್ತವೆ. ಹಿಡಿದುಕೊಳ್ಳುವ ಶಕ್ತಿ ದಂಟಿನೊಳಗಿದೆ, ದಂಟಿನ ಗುಣ ಬೆಳೆಸಿದ ರೀತಿಯಲ್ಲಿದೆ. ಗಿಡಕ್ಕೆ ಸಲ್ಲಬೇಕಾದ ಶ್ರೇಯವನ್ನು ಪ್ಲಿನಿ ನದಿಯ ಕೆಸರಿಗೆ ಕೊಟ್ಟುಬಿಟ್ಟ.

ಇನ್ನು ಆಧುನಿಕರ ಜಗಳ. ನಾಫ್ತಾಲಿ ಲೂಯಿಸ್ ಅವರು 1934ರಲ್ಲಿ ಫ್ರೆಂಚ್‌ನಲ್ಲೂ ಮುಂದೆ 1974ರಲ್ಲಿ ಇಂಗ್ಲಿಷ್‌ನಲ್ಲೂ ಪಪೈರಸ್ ಉದ್ಯಮದ ಬಗ್ಗೆ ಬರೆದ ಪುಸ್ತಕಗಳು ಈ ಕ್ಷೇತ್ರದ ಬುನಾದಿ. 1980ರಲ್ಲಿ ಹೆಂಡ್ರಿಕ್ಸ್ ಎಂಬ ವಿದ್ವಾಂಸರು, ದಂಟನ್ನು ಚೂರಿಯಿಂದ ಪಟ್ಟಿಗಳಾಗಿ ಸೀಳುತ್ತಿರಲಿಲ್ಲ, ಸೂಜಿಯಂಥ ಉಪಕರಣದಿಂದ ಸುತ್ತಲೂ ಸುರುಳಿ ಬಿಚ್ಚಿದಂತೆ ಬಿಡಿಸುತ್ತಿದ್ದರು ಎಂದು ವಾದಿಸಿದರು. ಪ್ಲಿನಿಯ ಬರಹದಲ್ಲಿ ಸೂಜಿಯ ಪ್ರಸ್ತಾಪವಿರುವುದು ಆ ವಾದಕ್ಕೆ ಇಂಬು. ಅಲ್ಲಿಂದ ಮುಂದೆ ಪಪೈರಸ್ ವಿದ್ವತ್ತಿನ ಬಹುಪಾಲು ಉತ್ಸಾಹ ಸೀಳುವುದೋ ಸುಲಿಯುವುದೋ ಎಂಬ ಪ್ರಶ್ನೆಗೇ ಹರಿಯಿತು. ಲೂಯಿಸ್ ಪ್ರತಿಭಟಿಸಿದರು, ಬೇರೆಯವರು ಪ್ರಯೋಗ ಮಾಡಿದರು, ಎರಡೂ ಕ್ರಮದಿಂದ ಹಾಳೆ ಆಗುತ್ತದೆ ಎಂಬುದೂ ಕಂಡುಬಂತು. ಜಗಳ ಮುಗಿಯಲಿಲ್ಲ.

ಈ ಜಗಳದ ಎರಡೂ ಪಕ್ಷಗಳ ಮೇಲೆ ನನಗೆ ಒಂದೇ ಆಕ್ಷೇಪ. ಪ್ರಯೋಗಕ್ಕೆ ತಂದ ದಂಟು ಎಲ್ಲಿಯದು? ಫರೋಗಳ ಕಾಲದ ಬೆಳೆ ಅದಲ್ಲ. ನೆಪೋಲಿಯನ್ನನ ಪಂಡಿತರು ಈಜಿಪ್ಟಿಗೆ ಹೋಗುವ ಹೊತ್ತಿಗೆ ಅಲ್ಲಿ ಪಪೈರಸ್ ಹೆಚ್ಚುಕಡಿಮೆ ಅಳಿದಿತ್ತು. 1960ರ ದಶಕದಲ್ಲಿ ಎಂಜಿನಿಯರ್ ಹಾಗೂ ಮಾಜಿ ರಾಯಭಾರಿ ಹಸನ್ ರಾಗಬ್ ಸೂಡಾನಿನಿಂದ ಬುಡಗಳನ್ನು ತಂದು ಕೈರೋದಲ್ಲಿ ನೈಲ್ ದಂಡೆಗೆ ನೆಟ್ಟು ಹಬ್ಬಿಸಿದರು. ಆಮೇಲೆ ಹಾಳೆಯನ್ನೂ ಮಾಡಿದರು. 1968ರಲ್ಲಿ ಸಸ್ಯವಿಜ್ಞಾನಿ ಎಲ್ ಹದೀದಿ ಅವರಿಗೆ ವಾದಿ ನತ್ರೂನ್‌ನಲ್ಲಿ ತಾನಾಗಿ ಉಳಿದಿದ್ದ ಪಪೈರಸ್ ಕಂಡಿತು. ಒತ್ತಾದ ಜೌಗಿನಲ್ಲಿ ಬೆಳಕಿಗಾಗಿ ಪೈಪೋಟಿಯಿಂದ ಎದ್ದ ದಂಟು, ಉದ್ಯಾನದ ತೊಟ್ಟಿಯಲ್ಲಿ ಬೆಳೆದ ದಂಟು ಒಂದೇ ಆಗಲಾರವು. ಎಳೆಯದರ ತಿರುಳೂ ಬಲಿತದರ ತಿರುಳೂ ಒಂದೇ ತರ ಸೀಳುವುದಿಲ್ಲ. ಹೀಗಿರುವಾಗ ಬೆಳೆಯ ವಯಸ್ಸು, ದಪ್ಪ, ನೀರಿನ ಮಟ್ಟ, ಕೊಯ್ಲಿನ ಕಾಲ ಯಾವುದನ್ನೂ ಲೆಕ್ಕಕ್ಕೆ ತಾರದೆ ಚೂರಿಯೋ ಸೂಜಿಯೋ ಎಂದು ತೀರ್ಮಾನಿಸಲು ಹೊರಡುವುದು ಬುಡವಿಲ್ಲದ ಮಾತು. ಹಾಳೆಯ ಗುಣದ ಅರ್ಧ ಭಾಗ ಜೌಗಿನಲ್ಲೇ ನಿರ್ಧಾರವಾಗಿರುತ್ತದೆ ಎಂಬುದನ್ನು ಮಾಡಿ ತೋರಿಸಿದವರು ರಾಗಬ್: ಅವರು ಮೊದಲು ಬೆಳೆಗಾರರಾದರು, ಆಮೇಲೆ ಹಾಳೆಗಾರರಾದರು. ವಿದ್ವಾಂಸರು ಅವರ ಹಾಳೆಯನ್ನು ಚರ್ಚಿಸಿದಷ್ಟು ತೋಟವನ್ನು ಚರ್ಚಿಸಲಿಲ್ಲ.

ಬೇಸಾಯದ ಬಗ್ಗೆ ಪ್ರಾಚೀನ ಆಧಾರಗಳಿಲ್ಲ ಎಂಬ ನೆಪವೂ ಸಲ್ಲದು. ಅಲೆಕ್ಸಾಂಡ್ರಿಯದ ಹತ್ತಿರ ಪಪೈರಸ್ ಹೆಚ್ಚಿಲ್ಲ, ಏಕೆಂದರೆ ಅಲ್ಲಿ ಅದನ್ನು ಆರೈಕೆ ಮಾಡುವುದಿಲ್ಲ; ಮುಖಜ ಭೂಮಿಯ ಕೆಳಭಾಗದಲ್ಲಿ ಹೇರಳವಾಗಿದೆ ಎಂದು ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ಬೆಲೆ ಏರಿಸಲು ಕೆಲವರು ಅದನ್ನು ಬಹಳ ಕಡೆ ಬೆಳೆಯಗೊಡುತ್ತಿರಲಿಲ್ಲ ಎಂಬ ದೂರೂ ಅವನಲ್ಲಿದೆ. ಆರೈಕೆಗೂ ಸಮೃದ್ಧಿಗೂ ಇರುವ ನಂಟು ಅವನಿಗೆ ಕಂಡಿತ್ತು. ಕ್ರಿ.ಪೂ. 5ರ ಒಂದು ಗುತ್ತಿಗೆ ಪತ್ರ ಇನ್ನೂ ಮುಂದೆ ಹೋಗುತ್ತದೆ: ಪಪೈರಸ್ ಜೌಗನ್ನು ಹೊಲದಂತೆ ಗುತ್ತಿಗೆಗೆ ಕೊಟ್ಟು, ತಿಂಗಳು ತಿಂಗಳು ಹಣ ಕಟ್ಟುವ ಕರಾರು ಅದರಲ್ಲಿದೆ. ಇದು ಕಾಡುಗಿಡವನ್ನು ಬಾಚಿಕೊಂಡು ಬರುವವರ ವ್ಯವಹಾರವಲ್ಲ. ಲೂಯಿಸ್ ಇಂಥ ಪತ್ರಗಳನ್ನು ಶ್ರದ್ಧೆಯಿಂದ ಪರಿಶೀಲಿಸಿದವರು; ಅವರ ನಂತರದವರು ಅವರೊಡನೆ ಚೂರಿಯ ವಿಷಯಕ್ಕೆ ಜಗಳವಾಡಿ, ಈ ಅಧ್ಯಾಯವನ್ನು ದಾಟಿ ನಡೆದರು.

ಪ್ಲಿನಿಗೆ ನ್ಯಾಯ ಸಲ್ಲಿಸಲೇಬೇಕಾದ ಒಂದು ಕಡೆ ಇದೆ. ಹಾಳೆಯ ದರ್ಜೆಗಳು, ಅವುಗಳ ಅಗಲ, ಚಕ್ರವರ್ತಿ ಕ್ಲಾಡಿಯಸ್ ಮಾಡಿಸಿದ ಸುಧಾರಣೆ ಇವೆಲ್ಲ ಅವನಿಂದಲೇ ನಮಗೆ ತಿಳಿದದ್ದು. ಕೊನೆಯಲ್ಲಿ ಅವನು ಬಹು ಬೆಲೆಯುಳ್ಳ ಸಂಗತಿಯೊಂದನ್ನು ಹೇಳುತ್ತಾನೆ: ಈ ಬೆಳೆಯೂ ಕೈಕೊಡುತ್ತದೆ, ಚಕ್ರವರ್ತಿ ಟೈಬೀರಿಯಸ್‌ನ ಕಾಲದಲ್ಲಿ ಹಾಳೆಗೆ ಅಭಾವ ಬಂದು, ಹಂಚಿಕೆ ನೋಡಿಕೊಳ್ಳಲು ಸೆನೆಟಿನವರನ್ನು ನೇಮಿಸಬೇಕಾಯಿತು. ಸಾಮ್ರಾಜ್ಯದ ಬರವಣಿಗೆಯೇ ಜೌಗಿನ ಒಂದು ಬೆಳೆಯ ಮೇಲೆ ನಿಂತಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಬೆಳೆ ಏಕೆ ಕೈಕೊಟ್ಟಿತು? ನೈಲ್ ಉಕ್ಕಲಿಲ್ಲವೇ, ಅತಿಯಾಗಿ ಕೊಯ್ದರೇ, ಬೇಕೆಂದೇ ಬೆಳೆ ತಗ್ಗಿಸಿದರೇ? ಪ್ಲಿನಿ ಕೇಳಲಿಲ್ಲ. ಕೇಳಲು ಬೇಕಾದ ತಿಳಿವಳಿಕೆಯನ್ನು ಅವನು ಥಿಯೋಫ್ರಾಸ್ಟಸ್‌ನಿಂದ ಎತ್ತಿಕೊಳ್ಳುವಾಗಲೇ ಕಳೆದುಕೊಂಡಿದ್ದ.

ಇಬ್ಬರ ನೋಟದ ಅಂತರ ಕೊನೆಗೂ ಕಾಣುವುದು ಇಲ್ಲಿ. ಥಿಯೋಫ್ರಾಸ್ಟಸ್ ಈ ಗಿಡದ ಉಪಯೋಗಗಳನ್ನು ಎಣಿಸುತ್ತ ಸೌದೆ, ಪಾತ್ರೆ, ದೋಣಿ, ಹಾಯಿ, ಚಾಪೆ, ಹಗ್ಗ, ಅಗಿದು ರಸ ಹೀರುವ ತಿಂಡಿ ಎಲ್ಲವನ್ನೂ ಹೇಳಿ, ಹೊರಗಿನವರ ಕಣ್ಣಿಗೆ ಬೀಳುವುದು ಮಾತ್ರ ಪುಸ್ತಕದ ಸುರುಳಿ ಎಂದು ಸೇರಿಸುತ್ತಾನೆ. ಪ್ಲಿನಿ ಆ ಉಪಯೋಗಗಳಲ್ಲಿ ಹಲವನ್ನು ಹೆಸರಿಸಿದರೂ ಅವನ ಆಸಕ್ತಿ ಪೂರ್ತಿ ಹಾಳೆಯ ಕಡೆಗೆ. ಅವನು ಆ ಹೊರಗಿನವನು. ಅವನನ್ನು ನೆಚ್ಚಿಕೊಂಡ ನಾವೂ ಹೊರಗಿನವರಾಗಿಯೇ ಉಳಿದೆವು. ಆದ್ದರಿಂದ ಪಪೈರಸ್ ಬಗ್ಗೆ ಇನ್ನು ಮುಂದೆ ಬರೆಯುವವರು ಓದಿನ ಕ್ರಮವನ್ನು ಬದಲಿಸಿಕೊಳ್ಳಬೇಕು. ಮೊದಲು ಥಿಯೋಫ್ರಾಸ್ಟಸ್, ಅವನ ಜೊತೆ ಗುತ್ತಿಗೆ ಪತ್ರಗಳು, ಆಮೇಲೆ ಸ್ಟ್ರಾಬೊ, ಕೊನೆಗೆ ಪ್ಲಿನಿ. ಚೂರಿ ಮತ್ತು ಸೂಜಿಯ ವಾದ, ಬೆಳೆಯನ್ನು ಅರಿತವರು ಬಂದು ತೀರ್ಪು ಕೊಡುವವರೆಗೆ ಕಾಯಲಿ.