ಒಂದಕ್ಷರದ ಬೀಗ

ಬಾಳೂರಿನ ಸೀಮೆಯಲ್ಲಿ ಮಳೆಯನ್ನು ಮಿಲಿಮೀಟರಿನಲ್ಲಿ ಹೇಳುವವನನ್ನು ಹೊಸಬನೆಂದೇ ತಿಳಿಯತಕ್ಕದ್ದು. ತೋಟಗಳ ಲೆಕ್ಕ ಇಂದಿಗೂ ಇಂಚು, ಇಂಚಿನ ನೂರರಲ್ಲೊಂದು ಪಾಲಾದ ಸೆಂಟುಗಳದು. ಆದಕಾರಣ ನಾನು ಕಟ್ಟಿದ ಮಳೆಮಾಪಕದ ಪುಟ್ಟ ದೋಣಿಯೂ ಒಂದು ಸೆಂಟು ನೀರು ತುಂಬಿದೊಡನೆ ಮಗುಚಿಕೊಳ್ಳುವಂಥದು. ಮಗುಚಿದ ಸಲಗಳನ್ನೆಣಿಸಿ ದಿನದ ಮೊತ್ತವನ್ನು ತನ್ನ ಸ್ಮೃತಿಯಲ್ಲಿ ಬರೆದಿಡುವ ಲಿಪಿಕಾರನು, ಆರ್ಡುಯಿನೋ ಹಲಗೆಗಳ ಮೂಲಕ ನಮ್ಮ ಕಾಲೇಜು ಹುಡುಗರಿಗೂ ಪರಿಚಿತವಾದ ಎಟಿಮೆಗಾ 328ಪಿ ಎಂಬ ಚಿಪ್ಪು.

ಆಷಾಢದ ಒಂದು ಸಂಜೆ, ಬ್ಯಾಟರಿಯ ವ್ಯಯವನ್ನು ತಗ್ಗಿಸುವ ಲೋಭದಿಂದ, ಆ ಚಿಪ್ಪನ್ನು 16 ಮೆಗಾಹರ್ಟ್ಸ್ ವೇಗದಿಂದ 1 ಮೆಗಾಹರ್ಟ್ಸಿಗೆ ಇಳಿಸಲು ಹೊರಟೆ. ‘ಲೋ ಫ್ಯೂಸ್’ ಎಂಬ ಬೈಟಿನಲ್ಲಿ ಹೆಕ್ಸ್ 62 ಎಂದು ಬರೆದರೆ ಸಾಕು. ಬರೆದದ್ದೇನೋ ಅದನ್ನೇ, ಆದರೆ ‘ಎಲ್’ ಇರಬೇಕಾದಲ್ಲಿ ‘ಎಚ್’ ಬಿದ್ದು, ಅದು ‘ಹೈ ಫ್ಯೂಸ್’ಗೆ ಹೋಗಿ ಕುಳಿತಿತು. ಮರುಕ್ಷಣ ಚಿಪ್ಪಿನ ಸಹಿಯನ್ನು ಕೇಳಿದರೆ, 1ಇ 95 0ಎಫ್ ಎನ್ನಬೇಕಾದದ್ದು ಬರಿಯ ಸೊನ್ನೆಗಳನ್ನು ಕೊಟ್ಟಿತು.

ಫ್ಯೂಸ್ ಎಂಬ ಹೆಸರೇ ಅಪಾರ್ಥಕ್ಕೆ ಎಡೆಗೊಡುವಂಥದು. ಲೈನ್‌ಮನ್ ಬಂದು ಕಟ್ಟಿಕೊಡುವ ಫ್ಯೂಸಿನಂತೆ ಇದು ಸುಟ್ಟುಹೋಗುವುದಿಲ್ಲ. ಅಳಿಸಿ ಬರೆಯಬಹುದಾದ ಬಿಟ್ಟು. ಅದರಲ್ಲಿಯೂ ವಿಪರೀತ ನ್ಯಾಯ: ಸೊನ್ನೆಯೆಂದರೆ ಜಾರಿಯಲ್ಲಿದೆ, ಒಂದೆಂದರೆ ಇಲ್ಲ. 62ನ್ನು ಬಿಡಿಸಿದರೆ 01100010. ಮೊದಲ ಸೊನ್ನೆಯು ರೀಸೆಟ್ ಪಿನ್ನಿನ ಅಧಿಕಾರವನ್ನು ಕಿತ್ತುಕೊಂಡಿತು. ಪ್ರೋಗ್ರಾಮರು ಮಾತಿಗೆ ತೊಡಗುವ ಮುನ್ನ ತಟ್ಟತಕ್ಕ ಬಾಗಿಲು ಅದೇ. ನಾಲ್ಕನೆಯ ಸ್ಥಾನದ ಸೊನ್ನೆಯು ವಾಚ್‌ಡಾಗ್ ಗಡಿಯಾರವನ್ನು ಸದಾ ಎಚ್ಚರವಿರಿಸಿ, ಬಡಪಾಯಿ ಚಿಪ್ಪು ಕ್ಷಣಕ್ಷಣಕ್ಕೂ ಮೊದಲಿನಿಂದ ಆರಂಭಿಸುವಂತೆ ಮಾಡಿತು. ಐದನೆಯ ಸ್ಥಾನದ ಸೊನ್ನೆಯ ಮಾತು ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಗಡಿಯಾರದ ಆಯ್ಕೆಯಷ್ಟೇ ತಪ್ಪಿದ್ದರೆ ಒಂಬತ್ತನೆಯ ಪಿನ್ನಿಗೆ ಹೊರಗಿನಿಂದ ಸ್ಪಂದನವೊದಗಿಸಿ ಎಬ್ಬಿಸಬಹುದಾಗಿತ್ತು. ಇಲ್ಲಿ ಉಳಿದ ದಾರಿ ಒಂದೇ: ರೀಸೆಟ್ ಪಿನ್ನಿಗೆ 12 ವೋಲ್ಟು ಕೊಟ್ಟರೆ ಚಿಪ್ಪು ತನ್ನ ಫ್ಯೂಸುಗಳೇನೇ ಹೇಳಲಿ, ಮಣಿಯತಕ್ಕದ್ದು. ಟ್ರಾಂಡ್‌ಹೈಮ್‌ನಲ್ಲಿ ವಿದ್ಯಾರ್ಥಿಗಳಾಗಿದ್ದ ಬೋಗೆನ್, ವೊಲ್ಲನ್ ಎಂಬ ಇಬ್ಬರು ನಾರ್ವೇಜಿಯನ್ನರ ಕಲ್ಪನೆಯಿಂದ ಹುಟ್ಟಿದ ಎವಿಆರ್ ಕುಲದ ಈ ಹಿಂಬಾಗಿಲನ್ನು ನಾನು ಸೌಜನ್ಯವೆಂದೇ ಎಣಿಸುತ್ತೇನೆ. ಹಲವು ಎಸ್‌ಟಿಎಂ32 ಚಿಪ್ಪುಗಳಲ್ಲಿ ಎರಡನೆಯ ಹಂತದ ರಕ್ಷಣೆಯನ್ನು ವಿಧಿಸಿದ ಮೇಲೆ ಮರಳಿ ಬರುವ ಹಾದಿಯೇ ಇಲ್ಲ.

ಕರೆಂಟು ಹೋಗಿ ಎರಡು ದಿನವಾಗಿತ್ತು. ಆದರೆ ಸ್ಕೂಟರಿನ ಬ್ಯಾಟರಿ ಇತ್ತಲ್ಲ! ಅಳೆದರೆ 12.7, ಚಿಪ್ಪು ಸಹಿಸುವುದು 11.5ರಿಂದ 12.5ರವರೆಗೆ ಮಾತ್ರ. ನಡುವೆ ಒಂದು ಡಯೋಡನ್ನಿರಿಸಿ ಅರ್ಧ ವೋಲ್ಟಿಗಿಂತ ತುಸು ಹೆಚ್ಚನ್ನು ಕಳೆದೆ. ಐದು ವೋಲ್ಟು ಒದಗಿದ ಬಳಿಕ ಮೈಕ್ರೋಸೆಕೆಂಡುಗಳೊಳಗೆ ಹನ್ನೆರಡು ಒದಗತಕ್ಕದ್ದಾದ್ದರಿಂದ, ಅದು ಬೆರಳಿನಿಂದಾಗುವ ಕೆಲಸವಲ್ಲ. ಇನ್ನೊಂದು ಆರ್ಡುಯಿನೋವನ್ನೂ ಟ್ರಾನ್ಸಿಸ್ಟರನ್ನೂ ಆ ಸೇವೆಗೆ ನೇಮಿಸಿ, ಎಂಟು ದತ್ತಾಂಶದ ತಂತಿಗಳನ್ನೂ ಅವನ್ನಾಳುವ ಬೇರೆ ಕೆಲವನ್ನೂ ಲಾಟೀನಿನ ಬೆಳಕಿನಲ್ಲಿ ಜೋಡಿಸಿ, ಒಂದು ತಂತಿ ಅದಲುಬದಲಾಗಿದ್ದುದರಿಂದ ಮೊದಲ ಸಲ ಸೋತು, ಎರಡನೆಯ ಸಲ ಸಹಿಯನ್ನು ಕಂಡೆ. ಹೈ ಫ್ಯೂಸಿಗೆ ಅದರ ಮೂಲದ ಡಿ9 ಮರಳಿತು.

ನನ್ನ ಉಪಾಯವು ಮೊದಲು ಚಿಪ್ಪನ್ನಳಿಸಿ ತರುವಾಯ ಫ್ಯೂಸನ್ನು ಬರೆಯುವಂಥದಾದ್ದರಿಂದ, ಮಳೆಯ ಲೆಕ್ಕವೂ ಹೋಯಿತೆಂದೇ ಭಾವಿಸಿದ್ದೆ. ಆದರೆ ಆ ಐದನೆಯ ಸ್ಥಾನದ ಸೊನ್ನೆಯ ಅರ್ಥ, ಅಳಿಸುವಾಗ ಮಳೆಯ ಲೆಕ್ಕವಿದ್ದ ಇಇಪ್ರಾಮ್ ಎಂಬ ಸ್ಮೃತಿಯನ್ನು ಮುಟ್ಟಕೂಡದು ಎಂದು. ನನ್ನ ಪ್ರಮಾದವೇ ದಾಖಲೆಯನ್ನು ಕಾಯ್ದಿತ್ತು. ಆರಿದ್ರಾ ಮಳೆಯ ಮೊತ್ತ ಒಂದು ಸೆಂಟೂ ತಪ್ಪದೆ ಸಿಕ್ಕಿತು. ಪುನರ್ವಸುವಿನ ಎರಡು ದಿನಗಳು ಮಾತ್ರ ಖಾಲಿ. ಅವನ್ನು ಪಕ್ಕದ ತೋಟದ ರೈಟರ ಪುಸ್ತಕದಿಂದ ಕೇಳಿ ಬರೆದುಕೊಂಡೆ.